ಕ್ಯಾಮೆರಾಕ್ಕೆ ಅಡ್ಡ ನಿಂತವರು

ನಮ್ಮಜ್ಜಿಯ ಮುರಿದ ಸೊಂಟದ ಮೂಳೆ ಕೂಡಿಸುವ ದಿನ ಆಪರೇಷನ್ ಕೋಣೆಯ ಕಂಪ್ಯೂಟರ್ ಮುಂದೆ ನಾನೇ ಕೂತಿದ್ದೆ. ಆಸ್ಪತ್ರೆಯಲ್ಲಿ ಆ ಕೆಲಸ ಬಲ್ಲವರು ಬೇರೆ ಯಾರೂ ಇರಲಿಲ್ಲ. ಮೂಳೆಗೆ ಸಿಕ್ಕಿಸಿದ ಮೂರು ಬಿಳಿ ಗುಂಡುಗಳನ್ನು ಕ್ಯಾಮೆರಾ ನೋಡುತ್ತಿರುತ್ತದೆ, ಡಾಕ್ಟರು ಮೂಳೆಯೊಳಗೆ ಇಳಿಸುವ ತಂತಿ ಎತ್ತ ಹೋಗಬೇಕೆಂದು ಪರದೆ ತೋರಿಸುತ್ತದೆ. ನಡುವೆ ಯಾರಾದರೂ ನಿಂತರೆ ಪರದೆ ಕೆಂಪಾಗುತ್ತದೆ.

ತಂತಿ ಅರ್ಧ ಇಳಿದಾಗ ಕೆಂಪಾಯಿತು.

“ಯಾರ್ರೀ ಅದು ಅಡ್ಡ ನಿಂತಿರೋದು?” ಡಾಕ್ಟರು ಗದರಿದರು.

“ಯಾರೂ ಇಲ್ಲ ಸರ್.” ಕ್ಯಾಮೆರಾದ ಮುಂದೆ ಕೈಯಾಡಿಸಿದೆ. ಏನೂ ಇಲ್ಲದ ಕಡೆ ಒದ್ದೆ ಬಟ್ಟೆ ತಾಕಿದಂತಾಯಿತು.

“ಬೇಗ ಕಣಮ್ಮಾ, ಅಜ್ಜಿ ಬಿಪಿ ಇಳೀತಿದೆ,” ಎಂದರು ಅರಿವಳಿಕೆಯ ಡಾಕ್ಟರು.

ಹಿರಿಯ ನರ್ಸಕ್ಕ ಆ ಖಾಲಿ ಜಾಗಕ್ಕೆ ತಿರುಗಿ, ನೆಂಟರಿಗೆ ಹೇಳುವಷ್ಟು ಮೆತ್ತಗೆ, “ಸ್ವಲ್ಪ ಜರುಗ್ತೀರಾ? ಇವರ ಕೆಲಸ ಮುಗೀಲಿ,” ಎಂದರು. ಪರದೆ ಹಸಿರಾಯಿತು. ತಂತಿ ಕೂದಲೆಳೆಯಷ್ಟೂ ತಪ್ಪದೆ ಸೇರಿತು.

ಆಮೇಲೆ ಕೇಳಿದ್ದಕ್ಕೆ ನರ್ಸಕ್ಕ ಕೈ ತೊಳೆಯುತ್ತಾ, “ಗದರಿದ್ರೆ ಅವರು ಜರುಗಲ್ಲ ಕಣೇ, ಕೇಳ್ಕೋಬೇಕು,” ಎಂದರು, ಅಷ್ಟೆ.

ಅಜ್ಜಿ ಈಗ ಚೆನ್ನಾಗಿಯೇ ನಡೆಯುತ್ತಾಳೆ. ಬಾಗಿಲು ಬಂದಾಗ ಮಾತ್ರ ಪಕ್ಕಕ್ಕೆ ಸರಿದು, ಒಬ್ಬರು ದಾಟುವಷ್ಟು ಹೊತ್ತು ಕಾದು, ಆಮೇಲೆ ಹೆಜ್ಜೆಯಿಡುತ್ತಾಳೆ.