ಸಹಿ ಬೀಳದ ಶಿಫಾರಸು

ಅರ್ಜಿ ಕೊಡಲು ಅಂದೇ ಕೊನೆಯ ದಿನ. ಐದಕ್ಕೆ ವಿಶ್ವವಿದ್ಯಾಲಯದ ಕಚೇರಿ ಬಾಗಿಲು ಹಾಕುತ್ತದೆ. ಗಡಿಯಾರ ಮೂರೂಮುಕ್ಕಾಲು ತೋರಿಸುತ್ತಿದ್ದಾಗ, ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನ ಹಿಂದೆ ಮಾತಿನಮಲ್ಲಿ ಎರಡು ಹಾಳೆ ಹಿಡಿದು ಬಾಯಿ ಕಟ್ಟಿದವಳಂತೆ ನಿಂತಿದ್ದಳು.

ಶಿಫಾರಸು ಪತ್ರ ಪೂರ್ತಿ ಬರೆದಾಗಿತ್ತು. ಕೊನೆಯಲ್ಲಿ ಸಹಿ ಮಾತ್ರ ಇರಲಿಲ್ಲ.

ಅವಳಿಗೆ ಮಾತಿನಮಲ್ಲಿ ಎಂದು ಹೆಸರಿಟ್ಟವರು ಗಿರಾಕಿಗಳು. ಪತ್ರ ಬರೆದವನಿಗೆ, ಅಂದರೆ ಹಿಂದಿನ ಕೋಣೆಯಲ್ಲಿ ಬಟ್ಟೆಯ ಕಲೆ ತೆಗೆಯುವವನಿಗೆ, ಗುಮ್ಮನಗುಸುಕ ಎಂದು ಹೆಸರಿಟ್ಟವಳು ಅವಳೇ. ಮೂರು ವರ್ಷದಲ್ಲಿ ಅವನು ಅವಳೊಡನೆ ಆಡಿದ್ದರಲ್ಲಿ ಹೆಚ್ಚಿನವು ಎರಡೇ ಪ್ರಶ್ನೆ: "ಏನು ಚೆಲ್ಲಿದ್ದು? ಯಾವಾಗಿಂದ?" ಕೇಳಿ ತಲೆ ಸ್ವಲ್ಪ ಓರೆ ಮಾಡಿಕೊಂಡು ಉತ್ತರಕ್ಕೆ ಕಾಯುತ್ತಿದ್ದ. ಅಷ್ಟು ಶ್ರದ್ಧೆಯಿಂದ ತನ್ನ ಮಾತನ್ನು ಬೇರೆ ಯಾರೂ ಕೇಳುವುದಿಲ್ಲ ಎಂದು ಅವಳಿಗೆ ಆಗಾಗ ಅನಿಸುತ್ತಿತ್ತು. ಅನಿಸಿದ್ದನ್ನು ಯಾರಿಗೂ ಹೇಳಿರಲಿಲ್ಲ.

ಅವಳು ಅರ್ಜಿ ಹಾಕುತ್ತಿದ್ದುದು ಕೆಲಸದಲ್ಲಿರುವವರಿಗಾಗಿ ಇರುವ ಸಂಜೆಯ ಬಿಬಿಎಗೆ. ಕೆಲಸದ ಜಾಗದಲ್ಲಿ ಅರ್ಜಿದಾರರನ್ನು ಹತ್ತಿರದಿಂದ ಕಂಡ ಒಬ್ಬರು, ಯಾವ ಮೇಜರ್, ಅಂದರೆ ಮುಖ್ಯ ವಿಷಯ, ಇವರಿಗೆ ಹೊಂದುತ್ತದೆ, ಯಾಕೆ, ಎಂದು ಬರೆದುಕೊಡಬೇಕು. ಮನೆಯಲ್ಲಿ ಸಲಹೆಗೇನೂ ಬರವಿರಲಿಲ್ಲ. "ಇಷ್ಟು ಮಾತಾಡೋಳಿಗೆ ಮಾರ್ಕೆಟಿಂಗ್ ಬಿಟ್ಟು ಇನ್ನೇನಮ್ಮ?" ಎಂದಿದ್ದ ಅಪ್ಪ. "ಫೈನಾನ್ಸ್ ತಗೋ, ನಾಲ್ಕು ಜನ ಮರ್ಯಾದೆ ಕೊಡ್ತಾರೆ," ಎಂದಿದ್ದರು ಭಾವ. ಅವಳು ಮಾತ್ರ ಅರ್ಜಿಯಲ್ಲಿ ಮೇಜರ್‌ನ ಕಾಲಂ ಖಾಲಿ ಬಿಟ್ಟು, ಗುಮ್ಮನಗುಸುಕ ಏನು ಬರೆಯುತ್ತಾನೋ ಎಂದು ಕಾದಿದ್ದಳು.

ಪರದೆ ಸರಿಸಿ ಒಳಗೆ ಹೋದಳು. ಅವನು ಬಿಳಿ ಕೋಟೊಂದರ ತೋಳಿನ ಮೇಲೆ ಬಗ್ಗಿ, ಬ್ರಷ್‌ನಿಂದ ಮೆಲ್ಲಗೆ ತಟ್ಟುತ್ತಿದ್ದ.

"ಪೆನ್ನಲ್ಲಿ ಇಂಕು ಮುಗೀತಾ, ಮಹಾಶಯರೇ?"

"ಇಲ್ಲ."

"ಮತ್ತೆ ಸಹಿ?"

"ಅಕ್ಕನ ಹತ್ರ ಹಾಕಿಸ್ಕೋ."

ಅಕ್ಕ ಎಂದರೆ ಅಂಗಡಿಯ ಒಡತಿ. ಎಲ್ಲರಿಗೂ ಅಕ್ಕನೇ.

"ಬರೆಯೋದು ನನ್ನ ಕೈಲಾಗಲ್ಲ, ಅವನ ಹತ್ರ ಬರೆಸ್ಕೋ ಅಂತ ಕಳಿಸಿದ್ದೇ ಅಕ್ಕ. ಒಂದು ಸಹಿ ಹಾಕಿದ್ರೆ ನಿನ್ನ ಗಂಟೇನು ಹೋಗತ್ತೆ?"

ಅವನು ಸುಮ್ಮನಾದ. ಅವನ ಮೌನಗಳು ಅವಳಿಗೆ ಗೊತ್ತಿದ್ದವು. ಕಲೆ ಹೋಗುತ್ತದೋ ಇಲ್ಲವೋ ಎಂದು ತೂಗುವ ಮೌನ ಒಂದು. ಗಿರಾಕಿ ಸುಳ್ಳು ಹೇಳುತ್ತಿದ್ದಾನೆ ಎಂದು ತಿಳಿದಾಗಿನ ಮೌನ ಇನ್ನೊಂದು. ಇದು ಎರಡೂ ಅಲ್ಲ.

"ಗೊತ್ತಾಯ್ತು ಬಿಡು," ಅವಳು ದನಿ ಏರಿಸಿದಳು. "ನಾನು ಓದೋದು ನಿಂಗೆ ಬೇಡ. ಇವಳು ಕೌಂಟರಲ್ಲೇ ಕೊಳೀತಾ ಇರ್ಲಿ ಅಂತ."

ಅವನು ಬ್ರಷ್ ಕೆಳಗಿಟ್ಟ. "ಕೊನೇ ಸಾಲು ಓದು."

"ನೋಡಿದೆ."

"ಸಹಿ ಇಲ್ಲ ಅನ್ನೋದು ನೋಡಿದೆ. ಸಾಲು ಓದಿಲ್ಲ."

ಓದಿದಳು. 'ಅರ್ಜಿದಾರರ ವಿಷಯದಲ್ಲಿ ನನಗೆ ಯಾವುದೇ ವೈಯಕ್ತಿಕ ಆಸಕ್ತಿ ಇಲ್ಲವೆಂದು ದೃಢೀಕರಿಸುತ್ತೇನೆ.' ವಿಶ್ವವಿದ್ಯಾಲಯದ ಫಾರಂನಲ್ಲೇ ಅಚ್ಚಾದ ಸಾಲು. ಯಾರೂ ಓದದೆ ಸಹಿ ಹಾಕುವಂಥದ್ದು.

"ಇದಕ್ಕೇನೀಗ? ಎಲ್ಲರೂ ಕಣ್ಣು ಮುಚ್ಕೊಂಡು..."

"ನಾನು ಹಾಕಿದ್ರೆ," ಅವನು ಕೋಟಿನ ತೋಳನ್ನೇ ನೋಡುತ್ತ ಹೇಳಿದ, "ಸುಳ್ಳಾಗತ್ತೆ."

ಮುಂದಿನ ಕೋಣೆಯಲ್ಲಿ ಅಕ್ಕನ ಇಸ್ತ್ರಿಯ ಹಬೆ ಬುಸ್ಸೆಂದು ನಿಂತಿತು. ಅವಳು ಮಾತಿಗಾಗಿ ಹುಡುಕಿದಳು. ಕೊನೆಗೆ ಸಿಕ್ಕಿದ್ದು ಒಂದೇ.

"ಯಾವಾಗಿಂದ?"

ಅವನು ತಲೆ ಎತ್ತಿದ. ಕಣ್ಣಂಚಿನಲ್ಲಿ ನಗು ಕಂಡೂ ಕಾಣದ ಹಾಗಿತ್ತು. "ಅದು ನನ್ನ ಪ್ರಶ್ನೆ."

ಅವಳು ಅಲ್ಲಿಯೇ, ಬಟ್ಟೆಯ ಬುಟ್ಟಿಯ ಅಂಚಿನ ಮೇಲೆ ಕುಳಿತು ಮೊದಲಿನಿಂದ ಓದಿದಳು.

'ಮೊದಲು ಬಟ್ಟೆಗಳು ಒಂದೇ ರಾಶಿಯಲ್ಲಿ ಇರುತ್ತಿದ್ದವು. ಯಾರು ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಗಮನಿಸಿ ಇವರು ಮೂರು ರಾಶಿ ಮಾಡಿದರು. ನರ್ಸ್‌ಗಳ ಸಮವಸ್ತ್ರ ಮೊದಲು ಒಗೆಯಬೇಕು ಎಂದು ಇವರಿಗೆ ಯಾರೂ ಹೇಳಿರಲಿಲ್ಲ. ಕೌಂಟರಿನಲ್ಲಿ ಇವರು ಎಲ್ಲರನ್ನೂ ನಗಿಸುತ್ತಾರೆ ಎಂದು ಜನ ಹೇಳುತ್ತಾರೆ. ನಗುವುದಕ್ಕೆ ಪುರುಸೊತ್ತು ಸಿಗುವ ಹಾಗೆ ಮಾಡಿದವರೂ ಇವರೇ. ಆದ್ದರಿಂದ ಮಾರ್ಕೆಟಿಂಗ್ ಅಲ್ಲ, ಕೆಲಸದ ವ್ಯವಸ್ಥೆ ಕಲಿಸುವ ಆಪರೇಷನ್ಸ್.'

ಅಕ್ಷರಗಳು ಮಸುಕಾದವು. ಹುಟ್ಟಿದಾಗಿನಿಂದ ಎಲ್ಲರೂ ಅವಳ ಬಾಯಿಯನ್ನೇ ಕಂಡಿದ್ದರು. ಅವಳ ಕೈ ಏನು ಮಾಡುತ್ತಿದೆ ಎಂದು ನೋಡಿದವನು ಪರದೆಯ ಹಿಂದೆ ಇದ್ದ.

"ಕಣ್ಣಲ್ಲಿ ಕಣ್ಣಿಟ್ಟು ಆಮೇಲೆ ಕೂತ್ಕೊಳ್ಳಿ," ಪರದೆಯಾಚೆಯಿಂದ ಅಕ್ಕ ಕೂಗಿದಳು. "ನಾಲ್ಕಾಗ್ತಾ ಬಂತು! ತಾ ಇಲ್ಲಿ, ಆ ಪತ್ರಕ್ಕೆ ನಾನೇ ಸಹಿ ಹಾಕ್ತೀನಿ."

"ಹಾಕ್ಲಿ," ಅವನೂ ಅಂದ.

ಆ ಪತ್ರ ಹೋದರೆ ಸೀಟು ಸಿಕ್ಕ ಹಾಗೆಯೇ ಎಂದು ಅವಳಿಗೆ ಗೊತ್ತಿತ್ತು. ಆದರೂ ಹಾಳೆಗಳನ್ನು ಮಡಚಿ ಬ್ಯಾಗಿನೊಳಗೆ ಇಟ್ಟುಕೊಂಡಳು.

"ಬೇಡ ಅಕ್ಕ. ಇದು ಅವನ ಮಾತು. ಇದನ್ನ ಯಾರಿಗೂ ಕೊಡಲ್ಲ. ನಿಮ್ಮದು ನೀವೇ ಬರೀರಿ, ಮೂರೇ ಸಾಲು ಸಾಕು. ಇನ್ನೊಂದು ಫಾರಂ ಇದೆ."

"ಅಯ್ಯೋ ದೇವರೇ," ಎನ್ನುತ್ತ ಅಕ್ಕ ಕೈ ಒರೆಸಿಕೊಂಡು ಕುಳಿತಳು. ನಾಲಿಗೆ ಕಚ್ಚಿಕೊಂಡು, ಕಾಲು ಗಂಟೆ ಬೆವರಿ ಬರೆದು ಸಹಿ ಹಾಕಿದಳು: 'ಇವಳು ಬಂದ ಮೇಲೆ ನನ್ನ ಅಂಗಡಿ ಮುಂದೆ ಜನ ಸಾಲು ನಿಲ್ಲುವುದು ತಪ್ಪಿದೆ. ಅದು ಹೇಗೆ ಎಂದು ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ನೀವು ಆಪರೇಷನ್ಸ್ ಕಲಿಸಿದರೆ ಇವಳೇ ಹೇಳುತ್ತಾಳೆ.'

"ಇಬ್ಬರೂ ಹೋಗಿ," ಎಂದು ಬಾಗಿಲು ತೋರಿಸಿದಳು. "ಇವನು ಇಲ್ಲಿದ್ರೂ ಇವತ್ತು ಯಾವ ಕಲೇನೂ ಹೋಗಲ್ಲ."

ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತರು. ಅವರ ಮೊಣಕೈಗಳು ತಾಗಿಯೇ ಇದ್ದವು.

ಐದಕ್ಕೆ ಹತ್ತು ನಿಮಿಷ ಇರುವಾಗ ಅವಳು ಆಪರೇಷನ್ಸ್ ಎಂಬ ಚೌಕಕ್ಕೆ ಗುರುತು ಹಾಕಿ, ಅರ್ಜಿಯನ್ನು ಕಿಟಕಿಯೊಳಗೆ ಜಾರಿಸಿದಳು. ಗುಮಾಸ್ತೆ ಮುದ್ರೆ ಒತ್ತಿದಳು. ಹೊರಗೆ ಮೆಟ್ಟಿಲ ಮೇಲೆ ಅವನು ಕುಳಿತು ಕಾಯುತ್ತಿದ್ದ.

"ಸೀಟು ಸಿಕ್ಕಿದ್ರೆ ವಾರಕ್ಕೆ ಐದು ಸಂಜೆ ಕ್ಲಾಸು. ಮೂರು ವರ್ಷ."

"ಸಿಗತ್ತೆ."

"ಸಂಜೆ ನಾನು ಯಾರ ಕೈಗೂ ಸಿಗಲ್ಲ ಅಂತ ಹೇಳ್ತಾ ಇದೀನಿ ಮಾರಾಯ."

ಅವನು ಬೆರಳು ಮಡಚಿ ಏನೋ ಲೆಕ್ಕ ಹಾಕಿದ. "ಅಂಗಡಿ ತೆಗೆಯೋದು ಎಂಟಕ್ಕೆ. ನೀನು ಏಳಕ್ಕೆ ಬಾ."

"ಬಂದು?"

"ಮಾತಾಡು. ನಾನು ಕೇಳ್ತೀನಿ."

"ಊಹೂಂ." ಅವಳು ಅವನ ಪಕ್ಕದಲ್ಲಿ ಕುಳಿತು, ತಲೆ ಸ್ವಲ್ಪ ಓರೆ ಮಾಡಿದಳು. "ನಾಳೆ ನೀನು ಮಾತಾಡೋದು. ನಾನು ಕೇಳೋದು."

ಅವನ ಕಿವಿ ಕೆಂಪಾಯಿತು. ಎದ್ದು ಹೋಗುತ್ತಾನೇನೋ ಎಂದುಕೊಂಡಳು. ಅವನು ಹೋಗಲಿಲ್ಲ.

"ಹಾಗಾದ್ರೆ ಆರಕ್ಕೇ ಬಾ," ಅಂದ. "ನಂಗೆ ಸ್ವಲ್ಪ ಹೊತ್ತು ಹಿಡಿಯತ್ತೆ."