ಸಿಗರೇಟು ಪ್ಯಾಕಿನ ಚಂದ್ರಾಬಾಯಿ

ಬಹಳ ಹಿಂದೆ, ದೇವಸ್ಥಾನಗಳಿಗಿಂತ ನಾಟಕ ಕಂಪನಿಗಳೇ ಹೆಚ್ಚಿದ್ದ ಹೊನ್ನಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಚಂದ್ರಾಬಾಯಿ ನಾಯಕಿ. ಅವಳ ಗಂಡ ನಿಂಗೋಜಿ ಪರದೆ ಎಳೆಯುವವನು. ಅವಳು ಹಾಡುತ್ತ ಹಾಡುತ್ತ ರಂಗದ ಮೇಲೆ ಪ್ರಾಣ ಬಿಟ್ಟರೆ ಜನ “ಒನ್ಸ್ ಮೋರ್!” ಎಂದು ಕೂಗುತ್ತಿದ್ದರು. ಅವಳು ಎದ್ದು, ಸೆರಗು ಸರಿಪಡಿಸಿಕೊಂಡು, ಮತ್ತೆ ಹಾಡಿ, ಮೊದಲಿಗಿಂತ ಚೆನ್ನಾಗಿ ಸಾಯುತ್ತಿದ್ದಳು. ಜ್ವರ ಬಂದ ದಿನವೂ ಆ ಕೂಗಿಗೆ ಇಲ್ಲವೆಂದವಳಲ್ಲ.

ಆ ಊರಿಗೆ ಧೂಮಾಂಗನೆಂಬ ಮಾಂತ್ರಿಕ ಬಂದು ಸಿಗರೇಟು ಮಾರತೊಡಗಿದ. ಪ್ಯಾಕಿಗೊಂದು ಕಾರ್ಡು, ಕಾರ್ಡಿಗೊಬ್ಬ ಕಲಾವಿದ. ಜನ ಕಾರ್ಡಿನ ಆಸೆಗೆ ಸೇದಿದರು. ಕಲಾಭಿಮಾನ ಬೆಳೆಯಿತು, ಕೆಮ್ಮೂ ಬೆಳೆಯಿತು. ಇಬ್ಬರು ವಿದೂಷಕರನ್ನು ಕೊಟ್ಟು ಒಬ್ಬ ನಾಯಕಿಯನ್ನು ಪಡೆಯುವ ವಿನಿಮಯ ಅರಮನೆಯಲ್ಲೂ ನಡೆಯಿತು. ಆದರೆ ಮಾಂತ್ರಿಕ ಯಾರ ಚಿತ್ರ ತೆಗೆದನೋ ಅವರು ಕಾರ್ಡಿನೊಳಗೇ ಸೇರಿಹೋಗುತ್ತಿದ್ದರು. ಕೊನೆಗೆ ಚಂದ್ರಾಬಾಯಿಯೂ ಸೇರಿದಳು. ಆ ಕಾರ್ಡನ್ನು ಅವನು ಮಾರದೆ ಅಂಗಡಿಯ ಗೋಡೆಗೆ ಅಂಟಿಸಿಕೊಂಡ.

ನಿಂಗೋಜಿ ಅಲ್ಲಿಗೆ ಹೋಗಿ, ಹೆಂಡತಿಯನ್ನು ಬಿಟ್ಟುಕೊಡು ಎಂದು ಕೈಮುಗಿದ.

“ಮೂರು ಸಲ ಕರಿ,” ಎಂದ ಮಾಂತ್ರಿಕ. “ಬಂದರೆ ಕರಕೊಂಡು ಹೋಗು. ಸೋತವರು ಕಾರ್ಡಿನೊಳಗೆ. ಪರದೆ ಎಳೆಯೋನ ಕಾರ್ಡು ಯಾರಿಗೂ ಬೇಡ, ಆದರೂ ಅಚ್ಚು ಹಾಕೋಣ.”

ನಿಂಗೋಜಿ ಮೊದಲು ಗಂಡನಾಗಿ ಕರೆದ: “ಚಂದ್ರಾ, ಬಾರೇ!” ಕಾರ್ಡು ಮಿಸುಕಲಿಲ್ಲ. ಮನೆಯಲ್ಲೂ ಆ ಕರೆಗೆ ಅವಳು ತಕ್ಷಣ ಬಂದವಳಲ್ಲ.

ಎರಡನೆಯ ಸಲ ರಾಜನನ್ನೇ ಕರೆತಂದ. “ಇದು ರಾಜಾಜ್ಞೆ!” ಎಂದು ರಾಜ ಗುಡುಗಿದ. ಕಾರ್ಡು ಮಿಸುಕಲಿಲ್ಲ. ಎಷ್ಟೋ ರಾಜರನ್ನು ಅವಳು ಮೀಸೆ ಅಂಟಿಸಿಕೊಳ್ಳುವಾಗಲೇ ನೋಡಿದ್ದಳು.

ಮಾಂತ್ರಿಕ ಕ್ಯಾಮೆರಾ ಸಿದ್ಧಮಾಡಿದ. ನಿಂಗೋಜಿ ಇಪ್ಪತ್ತು ವರ್ಷ ಪರದೆಯ ಹಗ್ಗ ಹಿಡಿದು ಅವಳ ಹಾಡು ಕೇಳಿದ್ದ. ಪ್ರತಿ ಸಲ ಕಣ್ಣು ತುಂಬಿತ್ತು. ಆದರೆ ಕಂಪನಿಯವರು ಕೂಗುವಂತಿಲ್ಲ, ಕೂಗುವುದು ಪ್ರೇಕ್ಷಕರ ಹಕ್ಕು. ಆ ಕಟ್ಟಳೆಯನ್ನು ಅವನು ಅಂದು ಮುರಿದ. ಚಪ್ಪಾಳೆ ತಟ್ಟಿ ಕೂಗಿದ:

“ಒನ್ಸ್ ಮೋರ್!”

ಕಾರ್ಡಿನಲ್ಲಿ ಸೆರಗು ಅಲುಗಿತು. ಚಂದ್ರಾಬಾಯಿ ಇಳಿದು ಬಂದಳು.

“ಇಷ್ಟು ಹೇಳೋಕೆ ಇಪ್ಪತ್ತು ವರ್ಷ ಬೇಕಾಯ್ತೇನ್ರೀ?” ಎಂದಳು. ಆಮೇಲೆ ಹಾಡಿದಳು.

ಬಾಗಿಲಲ್ಲಿ ನೆರೆದಿದ್ದ ಜನ ತಂತಮ್ಮ ಕಾರ್ಡು ಹೊರತೆಗೆದು ಕೂಗಿದರು. ಜೇಬುಗಳಿಂದ ವಿದೂಷಕರು, ಖಳನಾಯಕರು, ಒಂದು ಇಡೀ ರಾಜಸಭೆ ಇಳಿದು ಬಂತು. ಪಂದ್ಯದಂತೆ ಧೂಮಾಂಗ ಖಾಲಿ ಕಾರ್ಡಿನೊಳಗೆ ಸೇರಿದ.

ರಂಗಗಳು ತುಂಬಿದವು, ಕೆಮ್ಮು ಇಳಿಯಿತು, ಎಲ್ಲರೂ ಸುಖವಾಗಿದ್ದರು. ಮಾಂತ್ರಿಕನ ಕಾರ್ಡು ಈಗಲೂ ಆ ಗೋಡೆಯ ಮೇಲಿದೆ. ನೋಡಲು ಬರುವವರು ಬಹಳ. ನೋಡಿ ಸುಮ್ಮನೆ ಹೋಗುತ್ತಾರೆ.