ತಿದ್ದಿದ ವಂಶವೃಕ್ಷ

“ದಾಖಲೇಲಿರೋ ಆ ತಪ್ಪು ಹಾಗೇ ಇರ್ಲಿ, ಮಗಾ,” ಎಂದಳು ಸೋದರತ್ತೆ. “ನಮ್ಮನೇಲಿ ಯಾರೂ ಮಕ್ಕಳಿಗೆ ಸ್ವಂತ ಅಪ್ಪನ ಹೆಸರು ಬರೆಸಿಲ್ಲ. ಬೇಕಂತಲೇ ಬರೆಸಿಲ್ಲ.”

ಅಚ್ಚುಮನೆಯಲ್ಲಿ ಕರಡು ತಿದ್ದುವ ಅವನಿಗೆ ನಗು ಬಂತು. “ತಪ್ಪು ತಿದ್ದೋದೇ ನನ್ನ ಹೊಟ್ಟೆಪಾಡು, ಅತ್ತೆ.”

“ನೂರೈವತ್ತು ವರ್ಷದ ಹಿಂದೆ ನಿನ್ನ ಮುತ್ತಜ್ಜನ ಅಪ್ಪ ಹಳ್ಳೀಲಿ ಸುಣ್ಣ ಸುಡ್ತಿದ್ದ. ಚೊಚ್ಚಲ ಮಗು ಸತ್ತಾಗ, ಸೂಲಗಿತ್ತಿ ಮಾಟ ಮಾಡಿದ್ಲು ಅಂತ ಅವಳನ್ನ ಉರಿಯೋ ಸುಣ್ಣದ ಗೂಡಿಗೆ ತಳ್ಳಿದ. ‘ಅಪ್ಪನ ಹೆಸರು ಹಿಡಿದು ಹುಡುಕ್ತಾ ಬರ್ತೀನಿ, ನಿನ್ನ ವಂಶದ ಕೊನೇ ಕೂಸಿನ ತನಕ’ ಅಂತ ಕೂಗ್ತಾನೇ ಸತ್ತಳಂತೆ. ಅವಳಿಗೆ ದಾರಿ ಸಿಗಬಾರದು ಅಂತ ಹಿರಿಯರು ಹೆಸರು ತಪ್ಪಿಸಿದ್ರು. ನಿನಗೂ ಒಬ್ಬಳು ಮಗಳಿದಾಳೆ, ನೆನಪಿರಲಿ.”

“ಅಡಗೂಲಜ್ಜಿ ಕತೆ,” ಎಂದು ಎದ್ದುಹೋದ.

ಮೂರು ತಿಂಗಳು ದಾಖಲೆ ಕೋಣೆಗಳ ಧೂಳು ಕುಡಿದ. ಜನನದ ಪುಸ್ತಕ, ಶಾಲೆಯ ದಾಖಲೆ, ಜಮೀನಿನ ಹಳೆಯ ಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು, ಸುಳ್ಳು ಹೆಸರುಗಳನ್ನು ಹೇನು ಹೆಕ್ಕುವಂತೆ ಹೆಕ್ಕಿದ. ಅಷ್ಟು ಜಾಣತನವನ್ನು ಬೇರೆ ಯಾವುದಕ್ಕಾದರೂ ಬಳಸಿದ್ದರೆ ಉದ್ಧಾರವಾಗುತ್ತಿದ್ದ. ಭಾನುವಾರ ಮಧ್ಯಾಹ್ನ ಪಡಸಾಲೆಯ ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ತುದಿಯಲ್ಲಿ ಸುಣ್ಣ ಸುಡುವವನ ಹೆಸರು ಬರೆದ. ಅಲ್ಲಿಂದ ಕೆಳಕ್ಕೆ ಗೆರೆ ಎಳೆಯುತ್ತ ಮುತ್ತಜ್ಜ, ಅಜ್ಜ, ಅಪ್ಪ, ತಾನು. ಕಟ್ಟಕಡೆಗೆ ಆರು ವರ್ಷದ ಮಗಳು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದೆಂದರೆ ಇದೇ.

ಗೆರೆ ಮಗಳ ಹೆಸರನ್ನು ಮುಟ್ಟಿದ ಕೂಡಲೇ ವಾಸನೆ ಬಂತು. ಸುಟ್ಟ ಸುಣ್ಣಕ್ಕೆ ನೀರು ಬಿದ್ದಾಗಿನ ಬಿಸಿ, ಗಂಟಲು ಕೊರೆಯುವ ವಾಸನೆ. ಅದರಡಿಯಲ್ಲಿ ಸುಟ್ಟ ಕೂದಲಿನ ಕಮಟು. ಕಿಟಕಿಯಾಚೆ ಬಿಸಿಲಿತ್ತು, ಒಳಗೆ ಮಾತ್ರ ಕತ್ತಲು ಕವಿಯಿತು. ಹಾಳೆಯೊಳಗೆ ಏನೋ ಸುಂಯ್ ಎಂದು ಕುದಿಯಿತು. ನೋಡುತ್ತಿದ್ದಂತೆ ಮೊದಲ ಹೆಸರು ಬೆಳ್ಳಗಾಯಿತು, ಯಾರೋ ಒದ್ದೆ ಬೆರಳಿನಿಂದ ಸುಣ್ಣ ಬಳಿದ ಹಾಗೆ.

ಆ ಬಿಳುಪು ಗೆರೆ ಹಿಡಿದು ಕೆಳಗಿಳಿಯಿತು. ಮುತ್ತಜ್ಜನ ಹೆಸರು ಅಳಿಸಿಹೋಯಿತು. ಆಮೇಲೆ ಅಜ್ಜನದು. ಒಳಕೋಣೆಯಲ್ಲಿ ಮಗಳು ಕೆಮ್ಮತೊಡಗಿದಳು.

“ಅಪ್ಪಾ, ಯಾರೋ ನನ್ನ ಕಾಲು ಹಿಡ್ಕೊಂಡಿದಾರೆ. ಸುಡ್ತಿದೆ.”

ಹಾಳೆ ಹರಿಯಲು ನೋಡಿದ. ಕಲ್ಲಾಗಿತ್ತು. ಅಪ್ಪನ ಹೆಸರೂ ಹೋಯಿತು. ಮಗಳು ಕಿರುಚಿದಳು. ಅತ್ತೆಯ ಮಾತು ನೆನಪಾಯಿತು. ದಾರಿ ಸಿಗಬಾರದು. ಕಸುಬಿನ ಕೆಂಪು ಪೆನ್ಸಿಲ್ ಹಿಡಿದ. ತನ್ನ ಮತ್ತು ಮಗಳ ನಡುವಿನ ಗೆರೆಯನ್ನು ಹೊಡೆದು ಹಾಕಿದ. ಇನ್ನೊಮ್ಮೆ ಹೊಡೆದ. ಪಕ್ಕದಲ್ಲಿ ಬರೆದ: ಇವಳು ನನ್ನ ಮಗಳಲ್ಲ.

ಕೆಮ್ಮು ನಿಂತಿತು.

ಒಳಕೋಣೆಯ ಬಾಗಿಲು ತೆರೆಯಿತು. ಮಗಳು ನಿಂತಿದ್ದಳು. ಅವಳ ಕಾಲಿನ ಮೇಲೆ ಬಿಳಿ ಬೆರಳುಗಳ ಗುರುತು ಮಾಸುತ್ತಿತ್ತು. ಬದುಕಿದಳಲ್ಲ ಎಂಬ ಸಂತೋಷಕ್ಕೆ ಅವನಿಗೆ ಅಳು ಬಂತು. ಎತ್ತಿಕೊಳ್ಳಲು ಕೈ ಚಾಚಿದ. ಅವಳು ಹೆದರಿ ಹಿಂದಕ್ಕೆ ಸರಿದಳು.

“ಅಮ್ಮಾ,” ಎಂದು ಅಡುಗೆಮನೆಯ ಕಡೆ ಕರೆದಳು, “ಇಲ್ಲಿ ಯಾರೋ ಇದಾರೆ.”

ಹಾಳೆಯಲ್ಲಿ ಈಗ ವಂಶದ ಕೊನೆಯ ಕೂಸು ಅವನೇ. ಹಿಂದಿನಿಂದ ಬಿಸಿಯಾದ ಒದ್ದೆ ಬೆರಳೊಂದು ಅವನ ಕತ್ತನ್ನು ಮುಟ್ಟಿತು.